ಸೈಕಲ್ ತೂಕ ಇಳಿಸಬೇಕು, ಮೊದಲು ಯಾವ ಪಾರ್ಟ್ ಬದಲಿಸಲಿ?

ಕಲಬುರಗಿ ಕಡೆ ರೋಡ್ ಬೈಕ್ ಕೊಂಡವರು ಕೆಲವು ತಿಂಗಳು ತುಳಿದ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಇದು: "ನನ್ನ ಸೈಕಲ್ ಹತ್ತಿರ ಹತ್ತಿರ ಹನ್ನೊಂದು ಕೆಜಿ ಅದ ರೀ. ಒಂದೂವರೆ ಕೆಜಿ ಇಳಿಸಬೇಕು. ಗಾಲಿ ಬದಲಿಸಲೋ, ಕಾರ್ಬನ್ ಹ್ಯಾಂಡಲ್ ಹಾಕಿಸಲೋ?"

ಎರಡೂ ಅಲ್ಲ. ಬೇಡದ್ದನ್ನು ಕಳಚುವುದು ಮೊದಲು, ಟೈರು ಟ್ಯೂಬು ಆಮೇಲೆ, ಗಾಲಿ ಅದರ ನಂತರ. ಕಾರ್ಬನ್ ಹ್ಯಾಂಡಲ್ ಎಲ್ಲಕ್ಕೂ ಕೊನೆಗೆ, ಅದೂ ಕೈಯಲ್ಲಿ ದುಡ್ಡು ಉಳಿದಿದ್ದರೆ. ಈ ಕ್ರಮ ಯಾಕೆ ಎಂದು ತಿಳಿಯಲು ಮೊದಲು ಒಂದು ಲೆಕ್ಕ ನೋಡಬೇಕು.

ಬೀದರ್ ನಗರ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. 1 ಕೆಜಿಯನ್ನು 200 ಮೀಟರ್ ಮೇಲೆತ್ತಲು ಬೇಕಾದ ಕೆಲಸ ಸುಮಾರು 1,960 ಜೂಲ್. 200 ವ್ಯಾಟ್ ಶಕ್ತಿ ಹಾಕಿ ತುಳಿಯುವವರಿಗೆ ಅದು 10 ಸೆಕೆಂಡಿನ ಕೆಲಸ. ಕಮಲಾಪುರ, ಹುಮನಾಬಾದ್ ಹಾದು ಹೋಗುವ ದಾರಿ 100 ಕಿಲೋಮೀಟರಿಗೂ ಹೆಚ್ಚು. ನಡುವಿನ ಏರಿಳಿತಗಳನ್ನು ಸೇರಿಸಿ ಮೂರು ಪಟ್ಟು ಹಿಡಿದರೂ, ಅಷ್ಟು ದೂರಕ್ಕೆ 1 ಕೆಜಿ ಹಗುರವಾದ ಸೈಕಲ್ ಉಳಿಸುವುದು ಅರ್ಧ ನಿಮಿಷ. ಜೇವರ್ಗಿ ರಸ್ತೆಯಂಥ ಸಪಾಟು ದಾರಿಯಲ್ಲಿ ಗಂಟೆಗೆ 30 ಕಿಮೀ ವೇಗದಲ್ಲಿ ಹೋಗುವಾಗಂತೂ ಅದೇ 1 ಕೆಜಿಯಿಂದ ಉಳಿಯುವುದು ಅರ್ಧ ವ್ಯಾಟೂ ಇಲ್ಲ. ಆ ವೇಗದಲ್ಲಿ ನಿಮ್ಮನ್ನು ಹಿಂದಕ್ಕೆ ಎಳೆಯುವುದು ಬಹುಪಾಲು ಗಾಳಿ, ಆಮೇಲೆ ಟೈರಿನ ಉರುಳುವ ತಡೆ. ತೂಕದ ಸರದಿ ಕೊನೆಯದು.

ಹಾಗಂತ ತೂಕ ಇಳಿಸುವುದು ದಂಡ ಎಂದು ನಾನು ಹೇಳುವುದಿಲ್ಲ. ಸುರಪುರ, ಶಹಾಪುರದ ಗುಡ್ಡಗಳ ಬದಿಯ ಏರುಗಳಲ್ಲಿ, ಚಿಂಚೋಳಿ ಕಾಡಿನ ದಾರಿಯಲ್ಲಿ ಅದು ಕಾಲಿಗೆ ತಿಳಿಯುತ್ತದೆ. ಶೇಕಡಾ 5ರ ಏರಿನಲ್ಲಿ 1 ಕಿಮೀ ಹತ್ತಲು, ಸೈಕಲ್ ಮತ್ತು ಸವಾರ ಸೇರಿ 90 ಕೆಜಿ ಇದ್ದರೆ, 200 ವ್ಯಾಟಿನಲ್ಲಿ ಸುಮಾರು ನಾಲ್ಕೂವರೆ ನಿಮಿಷ ಬೇಕು. 1 ಕೆಜಿ ಇಳಿಸಿದರೆ ಅದರಲ್ಲಿ ಎರಡೂವರೆಯಿಂದ ಮೂರು ಸೆಕೆಂಡ್ ಕಡಿಮೆಯಾಗುತ್ತದೆ. ಊರೊಳಗಿನ ಹಂಪ್ ದಾಟಿ ಮತ್ತೆ ವೇಗ ಹಿಡಿಯುವಾಗ, ಸೈಕಲ್ ಹೊತ್ತು ಎರಡನೇ ಮಹಡಿ ಹತ್ತುವಾಗ ಹಗುರ ಸೈಕಲ್ಲಿನ ಸುಖ ನಿಜವಾದದ್ದು. ಆ ಸುಖಕ್ಕೆ ಎಷ್ಟು ಕೊಡಬೇಕು ಎಂಬುದನ್ನು ಮಾತ್ರ ತಿಳಿದು ಕೊಡಬೇಕು.

ಅದಕ್ಕೆ ಅಳತೆ ಒಂದೇ: ಒಂದು ಗ್ರಾಂಗೆ ಎಷ್ಟು ರೂಪಾಯಿ. 6,000 ರೂಪಾಯಿ ಕೊಟ್ಟ ಸೀಟಿನ ಕೊಳವೆ, ಅಂದರೆ ಸೀಟ್‌ಪೋಸ್ಟ್ 100 ಗ್ರಾಂ ಉಳಿಸಿದರೆ ಗ್ರಾಂಗೆ 60 ರೂಪಾಯಿ ಬಿತ್ತು. 1,200 ರೂಪಾಯಿಯ ಎರಡು ಟ್ಯೂಬ್ ಅದೇ 100 ಗ್ರಾಂ ಉಳಿಸಿದರೆ 12 ರೂಪಾಯಿ. ಈ ಲೆಕ್ಕಕ್ಕೆ ಹಳೆಯ ಪಾರ್ಟಿನ ನಿಜವಾದ ತೂಕ ಗೊತ್ತಿರಬೇಕು. ಅಡುಗೆಮನೆಯ 5 ಕೆಜಿ ಡಿಜಿಟಲ್ ತಕ್ಕಡಿ ಸಾಕು; ಇಡೀ ಸೈಕಲ್ ತೂಗಲು ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿ. ಕಂಪನಿ ಬರೆಯುವ ತೂಕವನ್ನು ನಂಬಿ ಲೆಕ್ಕ ಹಾಕಬೇಡಿ, ಕೈಗೆ ಬಂದದ್ದು ಅದಕ್ಕಿಂತ ಶೇಕಡಾ 5ರಷ್ಟು ಭಾರವಿರುವುದು ಅಪರೂಪವಲ್ಲ.

ಖರ್ಚಿಲ್ಲದ ಕೆಲಸ ಮೊದಲು ಮುಗಿಸಿ. ಸೈಡ್ ಸ್ಟ್ಯಾಂಡ್ 250ರಿಂದ 350 ಗ್ರಾಂ ಇರುತ್ತದೆ. ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಂಪು) ಬೆನ್ನಿಗಿರುವ ಪ್ಲಾಸ್ಟಿಕ್ ತಟ್ಟೆ, ಕಡ್ಡಿಗಳ ರಿಫ್ಲೆಕ್ಟರ್, ಬಳಸದ ಬ್ರಾಕೆಟ್‌ಗಳು ಸೇರಿ ಇನ್ನೊಂದು 100ರಿಂದ 150 ಗ್ರಾಂ. ಪ್ಲಾಸ್ಟಿಕ್ ತಟ್ಟೆ ತೆಗೆಯುವ ಮುನ್ನ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ಒಳಮಿತಿಯ ಸ್ಕ್ರೂ ಸರಿಯಾಗಿದೆಯೇ ನೋಡಿ, ಇಲ್ಲದಿದ್ದರೆ ಚೈನು ಕಡ್ಡಿಗಳ ನಡುವೆ ಬಿದ್ದು ಗಾಲಿಯೇ ಹೋಗುತ್ತದೆ. ಹಿಂದಿನ ದೀಪ, ಹಿಂದಿನ ರಿಫ್ಲೆಕ್ಟರ್ ತೆಗೆಯಲೇಬೇಡಿ. ಸೇಡಂ ಕಡೆ ಸಿಮೆಂಟ್ ಲಾರಿಗಳ ಜೊತೆ ಬೆಳಗಿನ ಮಬ್ಬಿನಲ್ಲಿ ಹೋಗುವವರಿಗೆ ಆ 50 ಗ್ರಾಂ ಬೇಕೇ ಬೇಕು. ನೀರಿನ ವಿಷಯವೂ ಹಾಗೆಯೇ. 750 ಮಿಲಿಯ ಎರಡು ಬಾಟಲಿ ತುಂಬಿದರೆ ಒಂದೂವರೆ ಕೆಜಿ. ಅಂದರೆ ನೀವು ಇಳಿಸಲು ಹೊರಟ ತೂಕವಷ್ಟೇ ಆಯಿತು. ಆದರೂ ಮೇ ತಿಂಗಳಲ್ಲಿ, 42 ಡಿಗ್ರಿ ದಾಟುವ ಬಿಸಿಲಿನಲ್ಲಿ, ಒಂದು ಬಾಟಲಿ ಮನೆಯಲ್ಲಿ ಬಿಟ್ಟು ಹೋಗುವುದು ತಪ್ಪು.

ಈಗ ಟೈರು. ನಮ್ಮ ಭಾಗದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಇಲ್ಲೇ.

ಆರಂಭಿಕ ಸೈಕಲ್ಲುಗಳಿಗೆ ಬರುವ ತಂತಿ ಅಂಚಿನ 28 ಮಿಮೀ ಟೈರು ಒಂದೊಂದು 350ರಿಂದ 420 ಗ್ರಾಂ ತೂಗುತ್ತದೆ. ಮಡಚಬಹುದಾದ ಅಂಚಿನ ಒಳ್ಳೆಯ ಟೈರು ಅದೇ ಅಳತೆಯಲ್ಲಿ 240ರಿಂದ 280 ಗ್ರಾಂ. ಜೋಡಿಗೆ 200ರಿಂದ 300 ಗ್ರಾಂ ಉಳಿಯಿತು. ಆದರೆ ಇದರ ದೊಡ್ಡ ಲಾಭ ಗ್ರಾಂನಲ್ಲಿಲ್ಲ, ರಬ್ಬರಿನಲ್ಲಿದೆ. ಮೃದುವಾದ ಕವಚ, ಒಳ್ಳೆಯ ರಬ್ಬರ್ ಇರುವ ಟೈರು ಉರುಳುವಾಗ ಕಡಿಮೆ ಶಕ್ತಿ ತಿನ್ನುತ್ತದೆ. ಅಗ್ಗದ ಟೈರಿಗೆ ಹೋಲಿಸಿದರೆ 30 ಕಿಮೀ ವೇಗದಲ್ಲಿ ಜೋಡಿಗೆ 10ರಿಂದ 20 ವ್ಯಾಟ್ ಉಳಿಯಬಹುದು. ಸಪಾಟು ದಾರಿಯಲ್ಲಿ 1 ಕೆಜಿ ಇಳಿಸಿ ಗಳಿಸುವುದಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದಲೇ ಗಾಲಿಗಿಂತ ಟೈರು ಮೊದಲು ಎನ್ನುವುದು.

ಆದರೆ ಅತಿ ತೆಳ್ಳಗಿನ ರೇಸಿಂಗ್ ಟೈರು ಇಲ್ಲಿ ಬಾಳುವುದಿಲ್ಲ. ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿಯ ಕಂಟಿ, ಅದರ ಮುಳ್ಳು ಚಪ್ಪಲಿಯನ್ನೇ ತೂರಿ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಅಂಚಿನ ಮಣ್ಣಿನಲ್ಲಿ ನೆಗ್ಗಿಲು ಮುಳ್ಳು. ತೊಗರಿ ಕೊಯ್ಲಿನ ದಿನಗಳಲ್ಲಿ ಹಳ್ಳಿ ರಸ್ತೆಗಳ ಡಾಂಬರಿನ ಮೇಲೇ ರಾಶಿ ಹರಡಿರುತ್ತಾರೆ; ಅದರಲ್ಲಿ ಒಡೆದ ತೊಗರಿ ಕಟ್ಟಿಗೆ ಚೂಪಾದ ಮೊಳೆಯಂತೆ ನಿಂತಿರುತ್ತದೆ. ಹಾಗಾಗಿ ಟೈರಿನ ಮಧ್ಯಪಟ್ಟಿಯ ಕೆಳಗೆ ಪಂಚರ್ ತಡೆಯುವ ಪದರ ಇರುವುದನ್ನೇ ಕೊಳ್ಳಿ. 30 ಗ್ರಾಂ ಹೆಚ್ಚಾದರೂ ಚಿಂತೆಯಿಲ್ಲ. ಒಂದು ಪಂಚರ್ ಹಾಕಲು ಹೋಗುವ 15 ನಿಮಿಷವನ್ನು ಯಾವ ಹಗುರ ಪಾರ್ಟೂ ವಾಪಸು ಕೊಡುವುದಿಲ್ಲ. ಅಗಲ 28 ಮಿಮೀ ಇರಲಿ, ಆದರೆ ಫೋರ್ಕಿಗೂ ಬ್ರೇಕಿಗೂ ಟೈರಿಗೂ ನಡುವೆ ಕನಿಷ್ಠ 4 ಮಿಮೀ ಸಂದು ಉಳಿಯಬೇಕು. ಅಷ್ಟಿಲ್ಲದಿದ್ದರೆ ಮಳೆಯಲ್ಲಿ ಎರೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಇನ್ನು ರಸ್ತೆ ಬದಿ ನಿಲ್ಲಿಸಿದರೆ ಸೈಕಲ್ಲನ್ನು ಹುಲ್ಲಿನ ಮೇಲೆ ತಳ್ಳಬೇಡಿ, ಎತ್ತಿ ಡಾಂಬರಿಗೆ ತನ್ನಿ. ಹಗುರ ಸೈಕಲ್ಲಿನ ಪ್ರಯೋಜನ ಅಲ್ಲೂ ಇದೆ.

ಟ್ಯೂಬ್ ವಿಷಯದಲ್ಲಿ ಮೂರು ದಾರಿ ಇವೆ. ಸಾಮಾನ್ಯ ಬ್ಯುಟೈಲ್ (ರಬ್ಬರ್) ಟ್ಯೂಬ್ 100ರಿಂದ 140 ಗ್ರಾಂ, ಹಗುರ ಬ್ಯುಟೈಲ್ 65ರಿಂದ 80 ಗ್ರಾಂ, ತೆಳು ಪ್ಲಾಸ್ಟಿಕ್ಕಿನಂಥ ಟಿಪಿಯು ಟ್ಯೂಬ್ 30ರಿಂದ 40 ಗ್ರಾಂ. ಗ್ರಾಂಗೆ ರೂಪಾಯಿ ಲೆಕ್ಕದಲ್ಲಿ ಇವಕ್ಕಿಂತ ಅಗ್ಗದ ಉಳಿತಾಯ ಸೈಕಲ್ಲಿನಲ್ಲಿ ಬೇರೆ ಇಲ್ಲ. ಆದರೆ ಟಿಪಿಯುಗೆ ಅದರದೇ ಪ್ಯಾಚ್ ಬೇಕು. ಪಂಚರ್ ಅಂಗಡಿಯ ಸಲ್ಯೂಷನ್, ರಬ್ಬರ್ ತುಂಡು ಅದಕ್ಕೆ ಅಂಟುವುದಿಲ್ಲ. ಟೈರಿನ ಹೊರಗೆ ಗಾಳಿ ತುಂಬಿ ತೂತು ಹುಡುಕಲು ಹೋದರೆ ಹಿಗ್ಗಿ ಹಾಗೇ ಉಳಿದುಬಿಡುತ್ತದೆ. ಗಾಲಿಯ ಅಂಚನ್ನೇ ಹಿಡಿಯುವ ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಉದ್ದದ ಇಳಿಜಾರಿನಲ್ಲಿ ರಿಮ್ ಕಾಯುತ್ತದೆ, ಟಿಪಿಯುಗೆ ಆ ಕಾವು ಒಳ್ಳೆಯದಲ್ಲ. ತಯಾರಕರು ರಿಮ್ ಬ್ರೇಕಿಗೆ ಒಪ್ಪಿದ್ದಾರೆಯೇ ಎಂದು ಪೊಟ್ಟಣದ ಮೇಲೆ ಓದಿ. ಹಳ್ಳಿಗಳ ನಡುವೆ ಒಂಟಿಯಾಗಿ ತುಳಿಯುವವರಿಗೆ ನನ್ನ ಸಲಹೆ: ಗಾಲಿಯಲ್ಲಿ ಹಗುರ ಬ್ಯುಟೈಲ್ ಇರಲಿ, ಸೀಟಿನ ಕೆಳಗಿನ ಚೀಲದಲ್ಲಿ ಹೆಚ್ಚುವರಿಯಾಗಿ ಟಿಪಿಯು ಇರಲಿ. ಅಲ್ಲಿ ಅದರ ಸಣ್ಣ ಗಾತ್ರವೂ ಅನುಕೂಲ. ಜೊತೆಗೆ ರೋಡ್ ಬೈಕಿನ ತೆಳು ಪ್ರೆಸ್ಟಾ ವಾಲ್ವಿಗೆ ಹಾಕುವ ಹಿತ್ತಾಳೆ ಅಡಾಪ್ಟರ್ ಒಂದಿರಲಿ. ಅದಿಲ್ಲದೆ ಬಂಕಿನಲ್ಲಾಗಲಿ ಪಂಚರ್ ಅಂಗಡಿಯಲ್ಲಾಗಲಿ ಗಾಳಿ ಹಿಡಿಯುವುದಿಲ್ಲ.

ರಿಮ್ ಟ್ಯೂಬ್‌ಲೆಸ್‌ಗೆ ತಯಾರಾಗಿದ್ದರೆ ಅದೇ ಎಲ್ಲಕ್ಕಿಂತ ಮೇಲು. ತೂಕದಲ್ಲಿ ಹೇಳಿಕೊಳ್ಳುವ ಲಾಭವಿಲ್ಲ, ಸೀಲಂಟ್ (ತೂತು ಮುಚ್ಚುವ ದ್ರವ) ಮತ್ತು ದಪ್ಪ ಟೈರು ಆ ಉಳಿತಾಯ ನುಂಗುತ್ತವೆ. ಆದರೆ ನೆಗ್ಗಿಲು ಮುಳ್ಳಿನ ತೂತನ್ನು ಅದು ತಾನೇ ಮುಚ್ಚುತ್ತದೆ. 28 ಮಿಮೀ ಟೈರಿಗೆ 30ರಿಂದ 40 ಮಿಲಿ ಸೀಲಂಟ್ ಹಾಕಿ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಆರು ವಾರಕ್ಕೊಮ್ಮೆ ನೋಡಿ ತುಂಬಬೇಕು.

ಗಾಳಿಯ ಒತ್ತಡದ ಬಗ್ಗೆ ಒಂದು ಮಾತು. 75 ಕೆಜಿ ತೂಗುವ ಸವಾರನಿಗೆ 28 ಮಿಮೀ ಟ್ಯೂಬ್ ಟೈರಿನಲ್ಲಿ 75ರಿಂದ 80 ಪಿಎಸ್‌ಐ ಸಾಕು. ಟೈರು ಕಲ್ಲಿನಂತಿದ್ದರೆ ವೇಗ ಹೆಚ್ಚು ಎಂದುಕೊಂಡು 110 ತುಂಬುವವರಿದ್ದಾರೆ. ಒರಟು ರಸ್ತೆಯಲ್ಲಿ ಅದು ಕುಣಿದು ವೇಗ ಕಳೆಯುತ್ತದೆ. 25 ಡಿಗ್ರಿ ತಂಪಿನಲ್ಲಿ 80 ತುಂಬಿದ ಟೈರು ಬಿಸಿಲಲ್ಲಿ ನಿಂತು 55 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 90 ಆಗುತ್ತದೆ. 110 ತುಂಬಿದ್ದರೆ ಅದು 120 ದಾಟುತ್ತದೆ. ನಿಂತಲ್ಲೇ ಟ್ಯೂಬ್ ಒಡೆಯುವುದು ಹೀಗೆ.

ಗಾಲಿಗೆ ಬರೋಣ. ಟೈರಿಲ್ಲದೆ 2,000ರಿಂದ 2,300 ಗ್ರಾಂ ತೂಗುವ ಹಳೆಯ ಜೋಡಿ ತೆಗೆದು 1,600 ಗ್ರಾಂನ ಅಲ್ಯೂಮಿನಿಯಂ ಜೋಡಿ ಹಾಕಿದರೆ 400ರಿಂದ 700 ಗ್ರಾಂ ಉಳಿಯುತ್ತದೆ. ಗಾಲಿಯ ಒಂದು ಗ್ರಾಂ ಬೇರೆಡೆಯ ಎರಡು ಗ್ರಾಂಗೆ ಸಮ ಎಂಬ ಮಾತು ಅರ್ಧ ಸತ್ಯ: ರಿಮ್ ಮತ್ತು ಟೈರಿನ ತೂಕಕ್ಕೆ, ಅದೂ ವೇಗ ಹೆಚ್ಚಿಸುವ ಕ್ಷಣಗಳಲ್ಲಿ ಮಾತ್ರ ಅನ್ವಯ. ಒಂದೇ ವೇಗದಲ್ಲಿ ಸಾಗುವಾಗ, ಏರು ಹತ್ತುವಾಗ ಗ್ರಾಂ ಗ್ರಾಮೇ.

ಕೊಳ್ಳುವ ಮುನ್ನ ಹೊಂದಾಣಿಕೆ ನೋಡಿ. ರಿಮ್ ಬ್ರೇಕಿನ ಸೈಕಲ್ಲಿಗೆ ಸಾಮಾನ್ಯವಾಗಿ ಹಬ್ (ಗಾಲಿಯ ನಡುಭಾಗ) ಕೂರುವ ಅಂತರ ಮುಂದೆ 100, ಹಿಂದೆ 130 ಮಿಮೀ. ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳಲ್ಲಿ ಹೆಚ್ಚಾಗಿ 12 ಮಿಮೀ ಥ್ರೂ ಆಕ್ಸಲ್ (ಹಬ್ಬನ್ನು ತೂರಿ ಬರುವ ದಪ್ಪ ಅಚ್ಚು), ಅಂತರ 100 ಮತ್ತು 142. ನಿಮ್ಮದು 8 ಸ್ಪೀಡ್ ಕ್ಯಾಸೆಟ್ ಆಗಿದ್ದು ಹೊಸ ಗಾಲಿಯ ಹಬ್ 11 ಸ್ಪೀಡಿನದಾಗಿದ್ದರೆ ಕ್ಯಾಸೆಟ್ ಹಿಂದೆ 1.85 ಮಿಮೀ ಸ್ಪೇಸರ್ (ತೆಳು ಉಂಗುರ) ಹಾಕಲೇಬೇಕು, ಇಲ್ಲದಿದ್ದರೆ ಎಷ್ಟು ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತದೆ. 7 ಸ್ಪೀಡಿನ, ಸ್ಕ್ರೂವಿನಂತೆ ತಿರುಗಿಸಿ ಕೂರಿಸುವ ಫ್ರೀವೀಲ್ ಇರುವ ಸೈಕಲ್ಲಾದರೆ ಅದನ್ನು ಹೊಸ ಗಾಲಿಗೆ ವರ್ಗಾಯಿಸಲು ಬರುವುದೇ ಇಲ್ಲ. ಅಂಥ ಸೈಕಲ್ಲಿಗೆ ಗಾಲಿಯ ಖರ್ಚು ಬೇಡ. ಕಡ್ಡಿಗಳ ಸಂಖ್ಯೆಯಲ್ಲಿ ಆಸೆ ಬೀಳಬೇಡಿ. 80 ಕೆಜಿ ಮೇಲಿದ್ದರೆ ಮುಂದೆ 24, ಹಿಂದೆ 28 ಇರಲಿ. ಮುಖ್ಯವಾಗಿ ಬಾಗಿದ ತಲೆಯ ಸಾಮಾನ್ಯ ಸ್ಟೀಲ್ ಕಡ್ಡಿ, ಹೊರಗಿನಿಂದ ತಿರುಗಿಸುವ ನಿಪ್ಪಲ್ ಇರುವ ಗಾಲಿಯನ್ನೇ ಆರಿಸಿ. ಅಂಥ ಕಡ್ಡಿ ಮುರಿದರೆ ಯಾದಗಿರಿಯ ಮೆಕ್ಯಾನಿಕ್ ಕೂಡ ಅಳತೆ ನೋಡಿ ಹಾಕಿಕೊಡಬಲ್ಲ. ಕಂಪನಿಯದೇ ವಿಶೇಷ ಕಡ್ಡಿಯಾದರೆ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರುವ ತನಕ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ.

ಉಳಿದವು ಚಿಕ್ಕವು. 380 ಗ್ರಾಂ ಸೀಟಿನ ಬದಲು 250 ಗ್ರಾಂನದು ಒಳ್ಳೆಯ ಬದಲಾವಣೆ, ಆದರೆ ಕೂರಲು ಹೊಂದಿದರೆ ಮಾತ್ರ. ಕಾರ್ಬನ್ ಸೀಟ್‌ಪೋಸ್ಟ್ 80ರಿಂದ 100 ಗ್ರಾಂ ಉಳಿಸುತ್ತದೆ. ಗೇರ್ ಸೆಟ್ ಪೂರ್ತಿ ಬದಲಿಸುವುದು ತೂಕದ ದೃಷ್ಟಿಯಿಂದ ಬಲು ದುಬಾರಿ. ಬದಲಾಗಿ ಏರಿಗೆ ಕಷ್ಟಪಡುವವರು 28ರ ಬದಲು 32 ಹಲ್ಲಿನ ಕ್ಯಾಸೆಟ್ ಹಾಕಿಸಿ. ತೂಕ ಸ್ವಲ್ಪ ಹೆಚ್ಚಾಗುತ್ತದೆ, ಮೊಣಕಾಲಿಗೆ ಆಗುವ ಉಪಕಾರ ಅದಕ್ಕಿಂತ ದೊಡ್ಡದು. ಡಿರೇಲರ್ 32 ಹಲ್ಲಿಗೆ ಹೊಂದುತ್ತದೆಯೇ ನೋಡಿ, ಚೈನಿನ ಉದ್ದ ಸರಿಪಡಿಸಿ.

ಮುಟ್ಟಬಾರದ ಜಾಗಗಳೂ ಇವೆ. ಬ್ರೇಕ್ ಮತ್ತು ಹ್ಯಾಂಡಲ್ ಹಿಡಿದಿರುವ ಸ್ಟೆಮ್‌ಗಳ ಸ್ಟೀಲ್ ಬೋಲ್ಟ್ ತೆಗೆದು ಅಲ್ಯೂಮಿನಿಯಂ ಬೋಲ್ಟ್ ಹಾಕಬೇಡಿ. ಯಾವ ಪಾರ್ಟಿಗೂ ಡ್ರಿಲ್ ಹೊಡೆಯಬೇಡಿ. ಹೆಸರಿಲ್ಲದ ಅಗ್ಗದ ಕಾರ್ಬನ್ ಹ್ಯಾಂಡಲ್ ಬೇಡ: ಕಾರ್ಬನ್ ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಗೇ ಮುರಿಯುತ್ತದೆ, ಮುರಿದಾಗ ನಿಮ್ಮ ಮುಖ ಡಾಂಬರಿನ ಕಡೆಗಿರುತ್ತದೆ. ಸೈಕಲ್ಲಿನ ಕನಿಷ್ಠ ತೂಕ 6.8 ಕೆಜಿ ಎಂಬ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ನಿಯಮ 2000ದಿಂದ ಇದೆ. ಅದು ಸ್ಪರ್ಧೆಗೆ ಸೇರಿದ್ದು, ನಮ್ಮ ಗುರಿಯಲ್ಲ. ಸ್ಟ್ಯಾಂಡ್, ಚೂರುಪಾರು, ಟೈರು, ಹಗುರ ಟ್ಯೂಬ್, ಸೀಟು, ಗಾಲಿ ಇಷ್ಟಾದರೆ 10.8 ಕೆಜಿಯ ಸೈಕಲ್ 9.3ರ ಹತ್ತಿರ ಬರುತ್ತದೆ. ಅಲ್ಲಿಂದ ಕೆಳಗೆ ಪ್ರತಿ ಗ್ರಾಂ ದುಬಾರಿ.

ಜೋಡಿಸುವಾಗ ಎಷ್ಟು ಬಿಗಿಯಿತೆಂದು ತೋರಿಸುವ ಟಾರ್ಕ್ ಪಾನಾ ಇಲ್ಲದೆ ಕಾರ್ಬನ್ ಮುಟ್ಟಬೇಡಿ. ಸೀಟ್‌ಪೋಸ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಸ್ಟೆಮ್ ಬೋಲ್ಟುಗಳಿಗೆ 4ರಿಂದ 5, ಕ್ಯಾಸೆಟ್ ಲಾಕ್‌ರಿಂಗಿಗೆ 40. ಪಾರ್ಟಿನ ಮೇಲೆ ಬೇರೆ ಅಂಕಿ ಬರೆದಿದ್ದರೆ ಅದೇ ಅಂತಿಮ. ಕಾರ್ಬನ್ ಪೋಸ್ಟಿಗೆ ಗ್ರೀಸ್ ಅಲ್ಲ, ಮರಳಿನಂತೆ ತರಿ ಇರುವ ಕಾರ್ಬನ್ ಪೇಸ್ಟ್ ಹಚ್ಚಬೇಕು. ಗ್ರೀಸ್ ಹಚ್ಚಿದರೆ ಪೋಸ್ಟ್ ಜಾರುತ್ತದೆ, ಜಾರಿತೆಂದು ಇನ್ನಷ್ಟು ಬಿಗಿದರೆ ಸೀಳುತ್ತದೆ. ಹೊಸ ಗಾಲಿ ಹಾಕಿದ ಮೇಲೆ ಬ್ರೇಕ್ ಪ್ಯಾಡ್ ಮತ್ತೆ ಹೊಂದಿಸಿ, ರಿಮ್ಮಿನ ಅಗಲ ಬೇರೆ ಇರುತ್ತದೆ. ಮೊದಲ 100 ಕಿಲೋಮೀಟರ್ ತುಳಿದ ಮೇಲೆ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ. ಒಂದು ಜೋಡಿ ಮಾತ್ರ ಸಡಿಲವಾಗಿದ್ದರೆ ಆ ವಾರವೇ ಗಾಲಿಯನ್ನು ಟ್ರೂ ಮಾಡಿಸಿ (ಓರೆ ತೆಗೆಸಿ), ಬೋಲ್ಟುಗಳನ್ನೂ ಅದೇ ಅಂಕಿಗೆ ಇನ್ನೊಮ್ಮೆ ಪರೀಕ್ಷಿಸಿ.