ಹಿತ್ತಿಲ ಸೌದೆಯೊಳಗಿನ ಹುಳುಗಳು: ಏಳು ವಾರದ ಟಿಪ್ಪಣಿ

ಮಂಡ್ಯದ ಹೊರಗಿರುವ ನಮ್ಮ ಮನೆಯಲ್ಲಿ ಸ್ನಾನದ ನೀರು ಈಗಲೂ ಹಂಡೆ ಒಲೆಯಲ್ಲೇ ಕಾಯುತ್ತದೆ. ಹಾಗಾಗಿ ಹಿತ್ತಿಲಲ್ಲಿ ವರ್ಷವಿಡೀ ಸೌದೆ ಇರುತ್ತದೆ. ಈ ಸಲ ಒಣಗಿಹೋದ ಮಾವಿನ ಮರ ಕಡಿಸಿದೆವು. ಜೊತೆಗೆ ಜಾಲಿ, ಮುರಿದ ಬಿದಿರೇಣಿ, ಒಂದು ತೆಂಗಿನ ಕೊರಡು. ಒಲೆಗೆ ಹಾಕುವ ಮೊದಲು ಒಂದೊಂದು ತುಂಡನ್ನೂ ನೋಡಿ, ಒಳಗೆ ಏನಿದೆ ಅಂತ ಬರೆದಿಡಲು ಮಾರ್ಚ್ ಕೊನೆಯಲ್ಲಿ ಶುರು ಮಾಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು. ಕೊಡಲಿ, ದಪ್ಪ ಕೈಗವಸು, ಹಳೇ ಟೂತ್‌ಬ್ರಷ್, ಒಂದು ಭೂತಗನ್ನಡಿ, ನೋಟ್‌ಬುಕ್. ಇಷ್ಟೇ ಸಾಮಾನು.

1ನೇ ವಾರ

ತಳದ ಸಾಲು ಪೂರ್ತಿ ಗೆದ್ದಲು. ಸೌದೆಯನ್ನು ನೇರವಾಗಿ ಮಣ್ಣಿನ ಮೇಲೆ ಒಟ್ಟಿದ್ದೆವು, ಅದೇ ತಪ್ಪು. ಮಣ್ಣಿನ ಹೊದಿಕೆ ಕೆರೆದ ತಕ್ಷಣ ಬಿಳಿ ಹುಳುಗಳು ಬೆಳಕಿಗೆ ಹೆದರಿ ಒಳಗೆ ಓಡಿದವು. ದೊಡ್ಡ ತಲೆಯ ಕಾವಲು ಹುಳುಗಳು ಮಾತ್ರ ಬಾಯಿ ತೆರೆದು ಬಾಗಿಲಲ್ಲೇ ನಿಂತವು. ಗೆದ್ದಲನ್ನು ಬಿಳಿ ಇರುವೆ ಅಂತಾರೆ, ಆದರೆ ಅದು ಇರುವೆ ಜಾತಿಯಲ್ಲ, ಜಿರಲೆಯ ಹತ್ತಿರದ ನೆಂಟ. ರಾಶಿಯನ್ನು ಎತ್ತಿ ಕಲ್ಲು ಚಪ್ಪಡಿ ಮೇಲೆ ಒಟ್ಟಿದೆ.

2ನೇ ವಾರ

ಬಿದಿರೇಣಿ. ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ತೂತುಗಳು. ತಟ್ಟಿದರೆ ಮೈದಾ ಹಿಟ್ಟಿನಂಥ ನುಣುಪಾದ ಪುಡಿ ಸುರಿಯುತ್ತದೆ. ಸೀಳಿದಾಗ ಸಿಕ್ಕಿದ್ದು 3 ಮಿಲಿಮೀಟರ್ ಉದ್ದದ ಕಂದು ದುಂಬಿ. ತಲೆ ಕೆಳಗೆ ಬಾಗಿರುವುದರಿಂದ ಮೇಲಿಂದ ನೋಡಿದರೆ ತಲೆಯೇ ಕಾಣುವುದಿಲ್ಲ. ಇದಕ್ಕೆ ಬೇಕಾದ್ದು ಬಿದಿರಿನೊಳಗಿನ ಪಿಷ್ಟ. ಹಿಂದಿನವರು ಬಿದಿರನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ ಆಮೇಲೆ ಬಳಸುತ್ತಿದ್ದದ್ದು ಸುಮ್ನೆ ಅಲ್ಲ. ನೆನೆದಾಗ ಆ ಪಿಷ್ಟ ಕರಗಿ ಹೋಗುತ್ತದೆ, ಹುಳುವಿಗೆ ಊಟ ಇರುವುದಿಲ್ಲ. ನಮ್ಮ ಏಣಿಯನ್ನು ಯಾರೂ ನೆನೆಸಿರಲಿಲ್ಲ.

3ನೇ ವಾರ

ಕೆಲಸ ಜಾಸ್ತಿ ಆಗಲಿಲ್ಲ. ಜಾಲಿ ತೊಗಟೆಯಡಿ ಒಂದು ಚೇಳು, ಎರಡು ಜರಿ. ಅವತ್ತಿಂದ ತೊಗಟೆ ಎತ್ತಲು ಕೈ ಹಾಕುವುದಿಲ್ಲ, ಉದ್ದ ಕೋಲೇ.

4ನೇ ವಾರ

ಮಾವಿನ ದಿಮ್ಮಿ. ಈ ವಾರಕ್ಕೇ ಕಾಯುತ್ತಿದ್ದೆ.

ಇಲ್ಲಿನ ಪುಡಿ ಬೇರೆ. ಬಿದಿರಿನದು ಮೈದಾ ಆದರೆ ಇದು ಗರಗಸದ ಹೊಟ್ಟು. ನಾರು ನಾರಾಗಿ, ಒತ್ತಿ ತುಂಬಿದ ಹಾಗಿತ್ತು. ದಿಮ್ಮಿಗೆ ಕಿವಿ ಇಟ್ಟರೆ ಕರ ಕರ ಅಂತ ಮೆಲ್ಲಗೆ ಕಡಿಯುವ ಸದ್ದು. ಅಮ್ಮನನ್ನೂ ಕರೆದು ಕೇಳಿಸಿದೆ. "ಅಯ್ಯೋ, ಒಳಗೆ ಯಾರೋ ರಾಗಿ ಬೀಸ್ತಾವ್ರಲ್ಲವ್ವ" ಅಂದರು.

ನಿಧಾನಕ್ಕೆ ಸೀಳಿದೆ. ಬೆರಳು ಹೋಗುವಷ್ಟು ಅಗಲದ ಸುರಂಗ. ಅದರ ಕೊನೆಯಲ್ಲಿ ದಂತದ ಬಣ್ಣದ ಹುಳು. ಬೆಂಕಿಪೊಟ್ಟಣದ ಪಕ್ಕ ಇಟ್ಟಾಗ ಪೊಟ್ಟಣಕ್ಕಿಂತ ಉದ್ದ, ಸ್ಕೇಲಲ್ಲಿ 6 ಸೆಂಟಿಮೀಟರ್. ಮುಂಭಾಗ ಅಗಲ, ಹಿಂದೆ ಹೋಗುತ್ತಾ ಸಣ್ಣ. ಕಪ್ಪು ದವಡೆ ಗಟ್ಟಿ. ಕಾಲು ಕಾಣಲೇ ಇಲ್ಲ. ಬೆನ್ನಿನ ಮೇಲೆ ಒಂದೊಂದು ಉಂಗುರಕ್ಕೂ ಒರಟು ಗುಬುಟು. ಸುರಂಗದ ಗೋಡೆಗೆ ಅದನ್ನೇ ಒತ್ತಿ ಮುಂದೆ ಸರಿಯುತ್ತದೆ. ಅಂಗೈ ಮೇಲೆ ಬಿಟ್ಟಾಗ ಒತ್ತಲು ಗೋಡೆಯಿಲ್ಲದೆ ಸುಮ್ಮನೆ ಹೊರಳಾಡಿತು. ತಕ್ಷಣ ಮರಕ್ಕೆ ವಾಪಸ್ ಸೇರಿಸಿದೆ.

ಇದು ಮಾವಿನ ಕಾಂಡ ಕೊರೆಯುವ ಹುಳು ಅಂತ ನನ್ನ ಅಂದಾಜು. ದೊಡ್ಡದಾದಾಗ ಬೂದು ಬಣ್ಣದ, ಮೈಗಿಂತ ಉದ್ದ ಮೀಸೆಯ, ಕತ್ತಿನ ಹತ್ತಿರ ಎರಡು ಕಿತ್ತಳೆ ಚುಕ್ಕೆಯ ದುಂಬಿ ಆಗಬೇಕು. ಬೇರೊಂದು ಮಾವಿನ ತುಂಡಿಗೆ ತೂತು ಕೊರೆದು ಹುಳುವನ್ನು ಒಳಗೆ ಬಿಟ್ಟೆ. ತೂತಿನ ಬಾಯಿಗೆ ಚಕ್ಕೆ ತುರುಕಿ, ತಂತಿಬಲೆ ಮುಚ್ಚಿದ ಎಣ್ಣೆ ಡಬ್ಬದಲ್ಲಿ ಇಟ್ಟಿದ್ದೇನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷದ ಹಿಂದೆ ಈ ಮರದ ಬುಡದಲ್ಲಿ ಇದೇ ಹೊಟ್ಟು ಬಿದ್ದಿತ್ತು. ನಾನೇ ಪೊರಕೆ ಹಿಡಿದು ಗುಡಿಸಿದ್ದೆ. ಆಮೇಲೆ ಒಂದೊಂದೇ ಕೊಂಬೆ ಒಣಗುತ್ತಾ ಬಂದಾಗ ನೀರು ಸಾಲುತ್ತಿಲ್ಲ ಅಂದುಕೊಂಡೆವು.

5 ಮತ್ತು 6ನೇ ವಾರ

ತೆಂಗಿನ ಕೊರಡು ಕೊಳೆತು ಕೈಯಲ್ಲೇ ಪುಡಿಯಾಗುತ್ತಿತ್ತು. ಒಳಗೆ 11 ಗೊಣ್ಣೆ ಹುಳು, ಎಲ್ಲವೂ ಕೊಕ್ಕೆಯ ಹಾಗೆ ಮುದುರಿಕೊಂಡಿದ್ದವು. ಇವಕ್ಕೆ ಆರು ಕಾಲು ಚೆನ್ನಾಗಿ ಕಾಣುತ್ತವೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಗಳು ಇಂಥ ಕೊರಡು ಮತ್ತು ತಿಪ್ಪೆಯಲ್ಲೇ ಬೆಳೆಯುತ್ತವೆ. ಅದು ಕಡಿದ ಸುಳಿ ಬಿಚ್ಚಿಕೊಂಡಾಗ ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇರುತ್ತದೆ. ನಮ್ಮ ಕಡೆ ನೋಡದವರು ಯಾರು?

ಎಲ್ಲವನ್ನೂ ಕೋಳಿಗೆ ಹಾಕು ಅಂದರು ಅಮ್ಮ. ನಾನು ಮೊದಲು ಸಿಮೆಂಟು ನೆಲದ ಮೇಲೆ ಬಿಟ್ಟು ನೋಡಿದೆ. ಮೂರು ಹುಳು ಅಂಗಾತ ಮಲಗಿ, ಕಾಲು ಆಕಾಶಕ್ಕೆ ಮಾಡಿ, ಬೆನ್ನಿನ ಮೇಲೆ ಚಕಚಕ ನಡೆದವು! ಹೀಗೆ ಬೆನ್ನಲ್ಲಿ ನಡೆಯುವುದು ಹೂವಿನ ದುಂಬಿಯ ಮರಿಗಳ ಗುರುತು. ಅವು ಕೊಳೆತದ್ದನ್ನು ತಿಂದು ಗೊಬ್ಬರ ಮಾಡುತ್ತವೆ, ತೆಂಗಿನ ಸುಳಿಗೆ ಹೋಗುವುದಿಲ್ಲ. ಮೂರನ್ನೂ ಗೊಬ್ಬರದ ಗುಂಡಿಗೆ ಬಿಟ್ಟೆ. ಉಳಿದ ಎಂಟು ಕೋಳಿಗೆ. ತೆಂಗು ನಮಗೆ ಅನ್ನ ಕೊಡುವ ಮರ, ಇಲ್ಲಿ ನನಗೆ ಎರಡು ಮನಸ್ಸಿಲ್ಲ.

7ನೇ ವಾರ

ಮಂಗಳವಾರ ಜೋರು ಮಳೆ. ಡಬ್ಬ ತೆಗೆದು ನೋಡಿದೆ, ದುಂಬಿ ಬಂದಿಲ್ಲ. ಆದರೆ ತಳದಲ್ಲಿ ಒಂದು ಚಮಚದಷ್ಟು ಹೊಸ ಹೊಟ್ಟು ಬಿದ್ದಿದೆ. ಹುಳು ಬದುಕಿದೆ, ತಿನ್ನುತ್ತಿದೆ.

ಅದೇ ಕೈಯಲ್ಲಿ ಕಾಂಪೌಂಡ್ ಪಕ್ಕದ ಇನ್ನೊಂದು ಮಾವಿನ ಮರದ ಬುಡ ನೋಡಿದೆ. ಇದು ಬದುಕಿರುವ ಮರ, ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆ. ಬೇರಿನ ಸಂದಿಯಲ್ಲಿ ಒದ್ದೆಯಾದ ನಾರು ಹೊಟ್ಟು, ಅದೇ ಬಣ್ಣ. ಮೇಲಕ್ಕೆ ನೋಡುತ್ತಾ ಹೋದರೆ ಸೊಂಟದ ಎತ್ತರದಲ್ಲಿ ಅಂಟು ಸುರಿಯುತ್ತಿರುವ ತೂತು. ಸೈಕಲ್ ಕಡ್ಡಿಯ ತುದಿ ಕೊಕ್ಕೆಯಂತೆ ಬಗ್ಗಿಸಿ ಒಳಗೆ ಬಿಟ್ಟೆ. ಮೂರನೇ ಸಲ ಎಳೆದಾಗ ಹುಳು ಕಡ್ಡಿಗೆ ಸಿಕ್ಕಿ ಬಂತು. ಡಬ್ಬದಲ್ಲಿರುವುದಕ್ಕಿಂತ ಸಣ್ಣದು, ಸತ್ತಿತ್ತು. ತೂತಿಗೆ ಜೇಡಿಮಣ್ಣು ಮೆತ್ತಿದೆ. ಬುಡ ಗುಡಿಸಿ, ಸುತ್ತ ಅಮ್ಮನ ಹಳೇ ಬಿಳಿ ಪಂಚೆ ಹಾಸಿದ್ದೇನೆ. ಹೊಟ್ಟು ಬಿದ್ದರೆ ಎದ್ದು ಕಾಣಬೇಕು.

ನಾಲ್ಕು ದಿನ ಆಯಿತು. ಇವತ್ತು ಬೆಳಿಗ್ಗೆ ಪಂಚೆ ಮೇಲೆ ಎರಡು ಹಣ್ಣೆಲೆ ಬಿಟ್ಟರೆ ಏನೂ ಇರಲಿಲ್ಲ.