ಬನಾವೆ: ನೀರಿನ ದಾರಿ ಹಿಡಿದು

ಫಿಲಿಪೀನ್ಸಿನ ರಾಜಧಾನಿ ಮನಿಲಾದಿಂದ ಮೆಟ್ಟಿಲು ಗದ್ದೆಗಳ ಊರು ಬನಾವೆಗೆ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸು ಹಿಡಿದರೆ ಒಂಬತ್ತು ಹತ್ತು ಗಂಟೆಯ ದಾರಿ. ಬಸ್ಸಿನ ಎಸಿ ಮೂಳೆ ಕೊರೆಯುತ್ತದೆ. ಸ್ವೆಟರನ್ನು ಡಿಕ್ಕಿಗೆ ಹೋಗುವ ಸೂಟ್‌ಕೇಸಿನಲ್ಲಿ ಹಾಕಿ ಕೂತವರು ಬೆಳಗಿನವರೆಗೂ ನಡುಗಬೇಕಾಗುತ್ತದೆ. ಡಾಲ್ಟನ್ ಕಣಿವೆದಾರಿ ಹತ್ತಿಳಿದು, ಬಗಬಾಗ್‌ನಲ್ಲಿ ಹೆದ್ದಾರಿ ಬಿಟ್ಟು ತಿರುಗಿದ ಮೇಲೆ ಇಫುಗಾವೊ ಪ್ರಾಂತ್ಯದ ಘಟ್ಟ ಶುರು. ಪ್ರಾಂತ್ಯದ ರಾಜಧಾನಿ ಲಗಾವೆ ದಾಟಿ ಇನ್ನೂ ಮೇಲಕ್ಕೆ ಹೋದರೆ ಬನಾವೆ. ಇಂಗ್ಲಿಷ್ ಕಾಗುಣಿತ (Banaue) ನಂಬಿ ಬನೌ ಎನ್ನುವವರಿದ್ದಾರೆ. ಊರವರ ಬಾಯಲ್ಲಿ ಅದು ಬನಾವೆಯೇ.

ಫಿಲಿಪೀನ್ಸಿನ ಮುನಿಸಿಪಾಲಿಟಿಯನ್ನು ನಮ್ಮ ಪುರಸಭೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದು ಹಳ್ಳಿಗಳ ಒಂದು ಗುಂಪು, ಹೋಬಳಿಗೆ ಹತ್ತಿರ. ಬನಾವೆಯಲ್ಲಿ ಬರಂಗಾಯ್ ಎಂಬ 18 ಗ್ರಾಮಗಳಿವೆ, ಜನ ಸುಮಾರು 20 ಸಾವಿರ. ಪೇಟೆಯೆಂದರೆ ಕಣಿವೆಯ ತಳದಲ್ಲಿ ತಗಡಿನ ಮಾಡುಗಳ ಒಂದು ಮುದ್ದೆ, ಅಷ್ಟೆ. ಅದನ್ನು ನೋಡಿ ನಿರಾಶರಾಗಿ ಮರುದಿನವೇ ಬಸ್ಸು ಹತ್ತಬೇಡಿ.

ಪೇಟೆಯಿಂದ ಟ್ರೈಸಿಕಲ್ (ಬದಿಗೆ ಗೂಡು ಕಟ್ಟಿದ ಬೈಕು) ಹಿಡಿದು ಬೊಂಟೊಕ್ ರಸ್ತೆಯಲ್ಲಿ ಮೇಲೇರಿದರೆ ವ್ಯೂ ಪಾಯಿಂಟುಗಳು. ಹಳೆಯ 20 ಪೆಸೊ ನೋಟಿನ ಹಿಂಬದಿಯಲ್ಲಿ ಅಚ್ಚಾದದ್ದು ಬನಾವೆಯ ಈ ಮೆಟ್ಟಿಲು ಗದ್ದೆಗಳೇ. ಆದರೆ 1995ರ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿ ಈ ಜಾಗ ಇಲ್ಲ, ಮಧ್ಯೆ ಹೊಸ ಕಟ್ಟಡಗಳು ಎದ್ದಿರುವುದರಿಂದ. ಪಟ್ಟಿಯಲ್ಲಿರುವ ಐದರಲ್ಲಿ ಬತಾದ್ ಮತ್ತು ಬಂಗಾನ್ ಎಂಬೆರಡು ಇದೇ ಬನಾವೆಯ ಬರಂಗಾಯ್‌ಗಳು. ಉಳಿದ ಮೂರು ಮಯೊಯಾವೊ, ಹುಂಗ್ದುವಾನ್, ಕಿಯಾಂಗಾನ್ ಕಡೆಯವು. ಹಾಗಾಗಿ ವ್ಯೂ ಪಾಯಿಂಟಿಗೆ ಒಂದು ಗಂಟೆ ಸಾಕು, ಬತಾದ್‌ಗೆ ಒಂದು ರಾತ್ರಿಯಾದರೂ ಬೇಕು.

ಬತಾದ್ ಪೇಟೆಯಿಂದ ಸುಮಾರು 16 ಕಿಲೋಮೀಟರ್. ಜೀಪ್ನಿ ಎಂಬ ಉದ್ದ ಜೀಪಿನಂಥ ಬಾಡಿಗೆ ಗಾಡಿಯೋ ಟ್ರೈಸಿಕಲ್ಲೋ ರಸ್ತೆ ಮುಗಿಯುವಲ್ಲಿ ಇಳಿಸುತ್ತದೆ, ಮುಂದೆ ಕಾಲುದಾರಿ. ಇಳಿಯುವಾಗ ಏನೂ ಅನ್ನಿಸುವುದಿಲ್ಲ. ತಪ್ಪಿಯಾ ಜಲಪಾತ ನೋಡಿ ವಾಪಸ್ ಹತ್ತುವಾಗ ಮಂಡಿ ಮಾತಾಡುತ್ತದೆ. ಅಲ್ಲಿ ಕಲ್ಲುಕಟ್ಟೆಯ ತುದಿಯೇ ದಾರಿ, ಒಂದು ಪಾದ ಹಿಡಿಯುವಷ್ಟು ಅಗಲ. ಒಂದು ಬದಿ ಕೆಸರು, ಇನ್ನೊಂದು ಬದಿ ಆಳೆತ್ತರಕ್ಕೂ ಮಿಕ್ಕ ಪ್ರಪಾತ. ಎದುರಿಂದ ಹೊರೆ ಹೊತ್ತವರು ಬಂದರೆ ಗದ್ದೆಯ ಬದಿಗೆ ಸರಿದು ನಿಲ್ಲಬೇಕು. ಬಿದ್ದರೂ ಕೆಸರಿಗೆ ಬೀಳುವುದು ಲೇಸು.

ಈ ಗದ್ದೆಗಳು ನಿಂತಿರುವುದು ಕಲ್ಲಿಗಿಂತ ನೀರಿನ ಮೇಲೆ. ಸಾಮಾನ್ಯವಾಗಿ ಕುಟುಂಬದ ಗದ್ದೆಯ ನೆತ್ತಿಯಲ್ಲಿ ಮುಯೊಂಗ್ ಎಂಬ ಸ್ವಂತದ ಕಾಡು ಇರುತ್ತದೆ. ಮಲೆನಾಡಿನವರು ಸೊಪ್ಪಿನಬೆಟ್ಟ ನೆನೆಸಿಕೊಂಡರೆ ಅರ್ಥವಾದೀತು. ಸೌದೆ, ಮನೆಗೆ ಮರ ಎಲ್ಲ ಅಲ್ಲಿಂದಲೇ. ಮಳೆನೀರನ್ನು ಹಿಡಿದು ಒರತೆಯಾಗಿ ಬಿಡುವುದೂ ಅದೇ. ಒರತೆ ಕಾಲುವೆಗೂ ಬಿದಿರ ಕೊಳವೆಗೂ ಬಿದ್ದು, ಮೇಲಿನ ಮಡಿ ತುಂಬಿದ ಮೇಲೆ ತೂಬಿನಿಂದ ಕೆಳಗಿನ ಮಡಿಗೆ ಇಳಿಯುತ್ತದೆ. ಕಾಡೂ ಗದ್ದೆಯೂ ಸಾಮಾನ್ಯವಾಗಿ ಹಿರಿಯ ಮಗುವಿನ ಪಾಲಿಗೆ, ಅದು ಗಂಡಾಗಲಿ ಹೆಣ್ಣಾಗಲಿ.

ಕೊಯ್ಲಾದ ಮೇಲೂ ಇಲ್ಲಿ ನೀರು ಬಿಟ್ಟುಬಿಡುವುದಿಲ್ಲ. ಗದ್ದೆ ಒಣಗಿದರೆ ಜೇಡಿ ಬಿರಿಯುತ್ತದೆ, ದೈತ್ಯ ಎರೆಹುಳುಗಳು ಕಟ್ಟೆಯೊಳಗೆ ಸುರಂಗ ತೋಡುತ್ತವೆ. ಮುಂದಿನ ಮಳೆಗೆ ನೀರು ಆ ಸುರಂಗ ಹಿಡಿದು ಹೊರಟು ಕಟ್ಟೆಯನ್ನು ಹೊಟ್ಟೆ ಉಬ್ಬಿಸಿ ಕೆಡವುತ್ತದೆ. ಮೇಲಿನದು ಕುಸಿದರೆ ಕೆಳಗಿನ ಎರಡು ಮೂರು ಮಡಿಗಳೂ ಜೊತೆಗೇ ಹೋಗುತ್ತವೆ. 1980ರ ದಶಕದಲ್ಲಿ ತಿನ್ನಲೆಂದು ದೇಶಕ್ಕೆ ತಂದ ಬಂಗಾರದ ಬಸವನಹುಳು ಎಳೆ ಸಸಿಯನ್ನು ಬುಡಕ್ಕೇ ಮೇಯುತ್ತದೆ. ಎಲ್ಲಕ್ಕಿಂತ ದೊಡ್ಡ ಕಷ್ಟ ಆಳಿನದು. ಓದಿದ ಮಕ್ಕಳು ಬಾಗಿಯೊ ನಗರಕ್ಕೋ ಮನಿಲಾಗೋ ಹೋದ ಮನೆಗಳಲ್ಲಿ ಬಿದ್ದ ಕಟ್ಟೆ ಬಿದ್ದೇ ಇರುತ್ತದೆ. 2001ರಲ್ಲಿ ಯುನೆಸ್ಕೊ ಇವನ್ನು ಅಪಾಯದ ಪಟ್ಟಿಗೆ ಸೇರಿಸಿ, 2012ರಲ್ಲಿ ತೆಗೆಯಿತು.

'2000 ವರ್ಷ ಹಳೆಯದು' ಎಂದು ಎಲ್ಲರೂ ಹೇಳುತ್ತಾರೆ. ಬೈಯರ್, ಬಾರ್ಟನ್ ಎಂಬ ಅಮೆರಿಕನ್ ಮಾನವಶಾಸ್ತ್ರಜ್ಞರು 20ನೇ ಶತಮಾನದ ಆರಂಭದಲ್ಲಿ ಅಂದಾಜು ಮಾಡಿದ ಲೆಕ್ಕ ಅದು. ಪುರಾತತ್ತ್ವಜ್ಞ ಸ್ಟೀಫನ್ ಅಕಾಬಾಡೊ ಅವರ ಸಂಶೋಧನೆಗಳು ಬೇರೆ ಮಾತು ಹೇಳುತ್ತವೆ: ಮೊದಲು ಇಲ್ಲಿದ್ದದ್ದು ಕೆಸುವಿನ ಗದ್ದೆ, ಸ್ಪೇನಿನವರ ಕಾಟಕ್ಕೆ ಬಯಲಿನ ಜನ ಬೆಟ್ಟ ಸೇರಿದ ಮೇಲೆ, ಸುಮಾರು 400 ವರ್ಷಗಳ ಹಿಂದೆ, ಭತ್ತದ ಗದ್ದೆಗಳು ಹಬ್ಬಿದವು. ವಯಸ್ಸು ಇಳಿದರೆ ಮಾನ ಇಳಿಯುತ್ತದೆ ಎಂದು ಮುನಿಯುವವರಿದ್ದಾರೆ. ಇಷ್ಟು ಬೆಟ್ಟವನ್ನು ಕೆಲವೇ ತಲೆಮಾರುಗಳಲ್ಲಿ ಕಡಿದು ಕಟ್ಟಿದರೆಂಬುದು ನಮಗಂತೂ ಇನ್ನೂ ದೊಡ್ಡ ಅಚ್ಚರಿ. ಸ್ಪೇನ್ ಈ ಬೆಟ್ಟಗಳನ್ನು ಪೂರ್ತಿ ಹಿಡಿತಕ್ಕೆ ತಂದುಕೊಳ್ಳಲೇ ಇಲ್ಲ. ಜಪಾನಿ ಜನರಲ್ ಯಮಾಶಿತ 1945ರ ಸೆಪ್ಟೆಂಬರ್ 2ರಂದು ಶರಣಾದದ್ದು ಪಕ್ಕದ ಕಿಯಾಂಗಾನ್‌ನಲ್ಲಿ. ಇಫುಗಾವೊ ಪ್ರತ್ಯೇಕ ಪ್ರಾಂತ್ಯವಾದದ್ದು 1966ರಲ್ಲಿ.

ಊಟಕ್ಕೆ ಸಸ್ಯಾಹಾರಿಗಳು 'ತರಕಾರಿ' ಎಂದರೆ ಸಾಲದು. ಪಿನಕ್‌ಬೆಟ್ ಎಂಬ ತರಕಾರಿ ಪಲ್ಯಕ್ಕೂ ಬಗೊಓಂಗ್ ಎಂಬ, ಮೀನಿನ ಇಲ್ಲವೇ ಸಿಗಡಿಯ ಚಟ್ನಿ ಬೀಳುತ್ತದೆ. 'ವಲಾಂಗ್ ಕಾರ್ನೆ, ವಲಾಂಗ್ ಇಸ್ಡಾ, ವಲಾಂಗ್ ಬಗೊಓಂಗ್' (ಮಾಂಸ ಇಲ್ಲದೆ, ಮೀನು ಇಲ್ಲದೆ, ಬಗೊಓಂಗ್ ಇಲ್ಲದೆ) ಎಂದು ಮೂರನ್ನೂ ಬಿಡಿಸಿ ಹೇಳಿ. ವರ್ಷಕ್ಕೊಂದೇ ಬೆಳೆ ಕೊಡುವ ತಿನಾವನ್ ಅಕ್ಕಿಯ ಅನ್ನ ಸಿಕ್ಕರೆ ಬಿಡಬೇಡಿ. ಅಡಿಕೆ ಸೀಮೆಯವರಿಗೆ ಒಂದು ಸಮಾಧಾನ: ಇಲ್ಲಿಯೂ ಎಲೆ, ಅಡಿಕೆ, ಸುಣ್ಣದ 'ಮೊಮಾ' ಎಲ್ಲರ ಬಾಯಲ್ಲಿ, ರಸ್ತೆಯೆಲ್ಲ ಕೆಂಪು, ಉಗುಳಬೇಡಿ ಎಂಬ ಫಲಕವೂ ಇದೆ.

ಡಿಸೆಂಬರಿನಿಂದ ಫೆಬ್ರವರಿಗೆ ಗದ್ದೆ ತುಂಬ ನೀರು, ಆಕಾಶ ಕೆಳಗೇ ಕಾಣುತ್ತದೆ. ಏಪ್ರಿಲ್–ಮೇನಲ್ಲಿ ಹಸಿರು, ಜೂನ್ ಕೊನೆ, ಜುಲೈ ಹೊತ್ತಿಗೆ ಹೊಂಬಣ್ಣ, ಕೊಯ್ಲು. ಅಲ್ಲಿಂದ ನವೆಂಬರಿನವರೆಗೆ ಚಂಡಮಾರುತದ ಕಾಲ. ಗುಡ್ಡ ಜರಿದು ರಸ್ತೆ ಮುಚ್ಚುವುದು ಮಾಮೂಲಿ, ಮನಿಲಾದಿಂದ ವಿಮಾನ ಹಿಡಿಯುವವರು ನಡುವೆ ಒಂದು ದಿನ ಖಾಲಿ ಇಟ್ಟುಕೊಳ್ಳಬೇಕು. ಎಟಿಎಂ ನೆಚ್ಚಬೇಡಿ. ಬತಾದ್‌ಗೆ ಇಳಿಯುವ ಮುನ್ನವೇ ಸಣ್ಣ ನೋಟುಗಳು ಜೇಬಿನಲ್ಲಿರಲಿ.