ಹಿಂದಿನ ಶಾಕ್ ಎಷ್ಟನೇ ನಾಚ್‌ನಲ್ಲಿರಬೇಕು?

‘ನಿಮ್ಮ ಬೈಕಿನ ಹಿಂದಿನ ಸ್ಪ್ರಿಂಗ್ ಎಷ್ಟನೇ ನಾಚ್‌ನಲ್ಲಿದೆ? ನಾನೂ ಅಷ್ಟಕ್ಕೇ ಇಡುತ್ತೇನೆ’ ಎಂದು ಕೇಳುವವರು ಬಹಳ ಮಂದಿ. ನಾಚ್ ಎಂದರೆ ಹಿಂದಿನ ಶಾಕ್ ಅಬ್ಸಾರ್ಬರಿನ (ಶಾಕ್) ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕೆಂದು ಹೊಂದಿಸುವ ಮೆಟ್ಟಿಲು; ಹಾಗೆ ಮೊದಲೇ ಒತ್ತಿಡುವುದೇ ಪ್ರೀಲೋಡ್. ನಾನು ಆ ಸಂಖ್ಯೆಯನ್ನು ಹೇಳುವುದಿಲ್ಲ. ಅದು ನನ್ನ ಮೈತೂಕಕ್ಕೂ ನಾನು ಹೊರುವ ಸಾಮಾನಿಗೂ ಹೊಂದಿದ್ದು. 55 ಕಿಲೋ ತೂಗುವವರಿಗೂ 95 ಕಿಲೋ ತೂಗುವವರಿಗೂ ಅದೇ ಸರಿಹೋಗಲಾರದು. ಅಳೆಯುವ ಕ್ರಮವನ್ನು ಮಾತ್ರ ಹೇಳಬಲ್ಲೆ.

ಅಳೆಯಬೇಕಾದದ್ದು ಸ್ಯಾಗ್: ಸವಾರ ಕುಳಿತಾಗ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎಂಬುದು. ಇದು ದೋಷವಲ್ಲ. ಉಬ್ಬು ಸಿಕ್ಕಾಗ ಮೇಲೆ ಸರಿಯುವ ಚಕ್ರ ಗುಂಡಿ ಬಂದಾಗ ಕೆಳಕ್ಕೂ ಚಾಚಬೇಕು. ಕುಗ್ಗುವಿಕೆಯೇ ಇಲ್ಲದಿದ್ದರೆ ಚಾಚಲು ಜಾಗವಿಲ್ಲದೆ ಟೈರು ನೆಲ ಬಿಡುತ್ತದೆ. ಅತಿಯಾಗಿ ಕುಗ್ಗಿದರೆ ದೊಡ್ಡ ಗುಂಡಿಯಲ್ಲಿ ಶಾಕ್ ಪೂರ್ತಿ ಕುಗ್ಗಿ ತಳ ಮುಟ್ಟುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಘಾಟಿಯ ತಿರುವುಗಳಲ್ಲಿ ಬೈಕು ನಿಧಾನವಾಗಿ ತಿರುಗುತ್ತದೆ. ರಸ್ತೆಯ ಬೈಕಿಗೆ ಚಕ್ರದ ಒಟ್ಟು ಚಲನೆಯ ಶೇ. 30ರ ಆಸುಪಾಸು ಒಳ್ಳೆಯ ಆರಂಭ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬೈಕಿನ ಹಿಂದಿನ ಚಕ್ರದ ಚಲನೆ 200 ಮಿ.ಮೀ. ಆದ್ದರಿಂದ ಅದಕ್ಕೆ ಸುಮಾರು 60 ಮಿ.ಮೀ.

ಅಳೆಯಲು ಇಬ್ಬರು ಸಹಾಯಕರು ಬೇಕು. ಹಿಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಎತ್ತಿ, ಆಕ್ಸಲ್‌ನಿಂದ (ಚಕ್ರದ ಅಚ್ಚಿನಿಂದ) ಅದರ ನೇರ ಮೇಲೆ ಬಾಡಿಯ ಮೇಲೆ ಮಾಡಿದ ಗುರುತಿನವರೆಗೆ ಟೇಪು ಹಿಡಿಯಿರಿ, 600 ಮಿ.ಮೀ. ಬಂತೆನ್ನೋಣ. ಬಳಿಕ ಹೆಲ್ಮೆಟ್, ಜಾಕೆಟ್, ಬೂಟು ಧರಿಸಿ, ಓಡಿಸುವಾಗಿನಂತೆಯೇ ಕುಳಿತುಕೊಳ್ಳಿ. ಒಬ್ಬರು ಬೈಕನ್ನು ನೇರವಾಗಿ ಹಿಡಿದಿರಲಿ. ಇನ್ನೊಬ್ಬರು ಹಿಂಭಾಗವನ್ನು ಒತ್ತಿ ಮೆಲ್ಲಗೆ ಬಿಟ್ಟು ಒಮ್ಮೆ, ಎತ್ತಿ ಮೆಲ್ಲಗೆ ಬಿಟ್ಟು ಇನ್ನೊಮ್ಮೆ ಅಳೆಯಲಿ. ಸೀಲು, ಬುಷ್‌ಗಳ ಘರ್ಷಣೆಯಿಂದಾಗಿ ಎರಡೂ ಅಳತೆಗಳು ಒಂದೇ ಬರುವುದಿಲ್ಲ. 534 ಮತ್ತು 542 ಬಂದರೆ ಸರಾಸರಿ 538, ಸ್ಯಾಗ್ 62 ಮಿ.ಮೀ. ಹೆಚ್ಚಿದ್ದರೆ ಸಿ-ಸ್ಪ್ಯಾನರ್‌ನಿಂದ (ಕೊಕ್ಕೆಯಂಥ ಸ್ಪ್ಯಾನರ್) ಪ್ರೀಲೋಡ್ ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ ಮತ್ತೆ ಅಳೆಯಿರಿ.

ಪ್ರೀಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನನ್ನನ್ನು ತುಂಬ ಕಾಡುತ್ತದೆ, ಏಕೆಂದರೆ ಅದನ್ನು ನಂಬಿ ಹಲವರು ಶಾಕನ್ನು ಕೊನೆಯ ನಾಚ್‌ವರೆಗೂ ತಿರುಗಿಸಿ ಬಿಡುತ್ತಾರೆ. ಸಾಮಾನ್ಯ ಸ್ಪ್ರಿಂಗನ್ನು ಪ್ರತಿ ಮಿಲಿಮೀಟರ್ ಕುಗ್ಗಿಸಲು ಹಿಂದೆ ಎಷ್ಟು ಹೆಚ್ಚುವರಿ ಭಾರ ಬೇಕಿತ್ತೋ ಈಗಲೂ ಅಷ್ಟೇ ಬೇಕು. ಬದಲಾಗುವುದು ಸೀಟಿನ ಎತ್ತರ, ಅಂದರೆ ಚಕ್ರಕ್ಕೆ ಮೇಲೆ ಕೆಳಗೆ ಉಳಿಯುವ ಜಾಗದ ಹಂಚಿಕೆ.

ಸ್ಪ್ರಿಂಗೇ ನಿಮಗೆ ಹೊಂದುತ್ತದೆಯೇ ಎಂಬುದನ್ನು ಖಾಲಿ ಬೈಕು ತಿಳಿಸುತ್ತದೆ. ನೀವು ಕುಳಿತಾಗಿನ ಅಳತೆ ಸರಿಯಿದ್ದೂ, ಇಳಿದ ಮೇಲೆ ಬೈಕು ತನ್ನ ಭಾರಕ್ಕೆ ಸ್ವಲ್ಪವೂ ಕುಗ್ಗದೆ ನಿಂತರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದು. ಆ ಕೊರತೆಯನ್ನು ಪ್ರೀಲೋಡ್ ಮರೆಮಾಚಿದೆ. ಖಾಲಿ ಬೈಕೇ ತೀರಾ ಕುಗ್ಗಿದ್ದರೆ ಸ್ಪ್ರಿಂಗ್ ನಿಮಗೆ ಗಟ್ಟಿ. ಎರಡೂ ಸಂದರ್ಭಗಳಲ್ಲಿ ಬೇಕಾದದ್ದು ಬೇರೆ ಸ್ಪ್ರಿಂಗ್.

ಹಿಂದೆ ಸದಾ ಒಬ್ಬರನ್ನು ಕೂರಿಸಿಕೊಂಡು ಹೋಗುವವರು ಅವರನ್ನೂ ಕೂರಿಸಿಕೊಂಡೇ ಅಳೆಯಬೇಕು. ಕೆಲವೊಮ್ಮೆ ಮಾತ್ರ ಜೊತೆಗಿರುವುದಾದರೆ ಎರಡು ನಾಚ್‌ಗಳನ್ನು ಗುರುತಿಸಿಕೊಂಡು, ಹೊರಡುವ ಮುನ್ನ ಬದಲಿಸಿಕೊಳ್ಳಿ.